ಹೆಡ್‌ಫೋನಿಗೆ ತಕ್ಕ ಆಂಪ್, ಜೇಬಿಗೆ ತಕ್ಕ ಡ್ಯಾಕ್

ಹೆಡ್‌ಫೋನಿನ ಬೆಲೆ ಏರಿದಂತೆ ಅದಕ್ಕೆ ಜೋಡಿಸುವ ಆಂಪ್ಲಿಫೈಯರಿನ ಬೆಲೆಯೂ ಏರಬೇಕು ಎಂಬ ನಂಬಿಕೆ ಸಂಗೀತಪ್ರಿಯರಲ್ಲಿ ಆಳವಾಗಿ ಬೇರೂರಿದೆ. ವಿದ್ಯುತ್ತಿನ ಲೆಕ್ಕಕ್ಕೂ ಈ ನಂಬಿಕೆಗೂ ಸಂಬಂಧವಿಲ್ಲ. ಒಂದು ಹೆಡ್‌ಫೋನಿಗೆ ಬೇಕಾದದ್ದು ಇಂತಿಷ್ಟು ವೋಲ್ಟೇಜು, ಇಂತಿಷ್ಟು ಕರೆಂಟು. ಎಷ್ಟು ಎಂಬುದನ್ನು ತೀರ್ಮಾನಿಸುವುದು ಅದರೊಳಗಿನ ಸುರುಳಿ, ಪೊರೆ ಮತ್ತು ಆಯಸ್ಕಾಂತ. ದುಬಾರಿ ಹೆಡ್‌ಫೋನೊಂದು ಫೋನಿಗೆ ಸಿಕ್ಕಿಸುವ ಸಣ್ಣ ಡಾಂಗಲ್‌ನಿಂದಲೇ ತುಂಬಿ ನುಡಿಯಬಹುದು. ಅದೇ ಬೆಲೆಯ ಇನ್ನೊಂದು, ಗಟ್ಟಿ ಆಂಪ್ ಇಲ್ಲದೆ ಬಾಯಿಯೇ ಬಿಡದಿರಬಹುದು. ಯಾವುದು ಯಾವ ಬಗೆಯದೆಂದು ಕೊಳ್ಳುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿ ತಿಳಿಯಬಹುದು.

ಹಾಡು ಕಿವಿ ತಲುಪುವ ದಾರಿಯಲ್ಲಿ ಮೂರು ಘಟ್ಟಗಳಿವೆ. ಫೋನು, ಕಂಪ್ಯೂಟರುಗಳಲ್ಲಿ ಹಾಡು ಇರುವುದು ಅಂಕಿಗಳ ಸಾಲಾಗಿ. ಆ ಅಂಕಿಗಳನ್ನು ಏರಿಳಿಯುವ ವೋಲ್ಟೇಜಾಗಿ ಮಾರ್ಪಡಿಸುವ ಪರಿವರ್ತಕವನ್ನು ಬಳಕೆಯಲ್ಲಿ ಡ್ಯಾಕ್ ಎನ್ನುತ್ತಾರೆ. ಮೇಜಿನ ಮೇಲಿಡುವ ಡ್ಯಾಕ್‌ಗಳಿಂದ ಸಾಮಾನ್ಯವಾಗಿ ಗರಿಷ್ಠ 2 ವೋಲ್ಟಿನ ಸಂಕೇತ ಹೊರಡುತ್ತದೆ. ಅಲ್ಲಿ ವೋಲ್ಟೇಜು ಇದ್ದರೂ ಅದರ ಬೆನ್ನಿಗೆ ಸಾಕಷ್ಟು ಕರೆಂಟು ಇರುವುದಿಲ್ಲ. ಹೆಡ್‌ಫೋನಿನ ಸುರುಳಿಯನ್ನು ಅಲುಗಿಸುವಷ್ಟು ಕರೆಂಟು ಒದಗಿಸುವುದು, ಬೇಕಾದರೆ ವೋಲ್ಟೇಜನ್ನೂ ಹಿಗ್ಗಿಸುವುದು ಆಂಪ್‌ನ ಕೆಲಸ. ಡಾಂಗಲ್‌ನಲ್ಲಿ ಈ ಎರಡೂ ಕೆಲಸಗಳು ಬೆರಳುಗುರಿನಷ್ಟು ಜಾಗದಲ್ಲಿ ನಡೆಯುತ್ತವೆ. ಮೂರನೆಯ ಘಟ್ಟ ಹೆಡ್‌ಫೋನು. ವಿದ್ಯುತ್ತು ಗಾಳಿಯ ಕಂಪನವಾಗುವುದು ಅಲ್ಲಿ. ಕೇಳುವ ನಾದದಲ್ಲಿ ಅತಿ ದೊಡ್ಡ ವ್ಯತ್ಯಾಸ ಹುಟ್ಟುವುದೂ ಅಲ್ಲಿಯೇ. ಎರಡು ಒಳ್ಳೆಯ ಹೆಡ್‌ಫೋನುಗಳು ಕೆಲವು ಕಂಪನಾಂಕಗಳಲ್ಲಿ ಐದಾರು ಡೆಸಿಬೆಲ್ ಬೇರೆಯಾಗಿ ನುಡಿಯುವುದು ಮಾಮೂಲು. ಸರಿಯಾಗಿ ರೂಪಿಸಿದ ಎರಡು ಡ್ಯಾಕ್‌ಗಳ ನಡುವೆ, ಕೇಳುವ ವ್ಯಾಪ್ತಿಯ ಬಹುಪಾಲು ಉದ್ದಕ್ಕೂ, ಒಂದು ಡೆಸಿಬೆಲ್‌ನ ಹತ್ತನೆಯ ಒಂದು ಭಾಗದಷ್ಟು ವ್ಯತ್ಯಾಸವೂ ಕಾಣಸಿಗುವುದು ಅಪರೂಪ. ಆದ್ದರಿಂದ ಹಣದ ದೊಡ್ಡ ಪಾಲು ಹೆಡ್‌ಫೋನಿಗೆ ಸಲ್ಲಬೇಕು. ಉಳಿದೆರಡು ಘಟ್ಟಗಳು ಅದರ ಕೆಲಸಕ್ಕೆ ಅಡ್ಡಿ ಮಾಡದಿದ್ದರೆ ಸಾಕು.

ಲೆಕ್ಕಕ್ಕೆ ಬೇಕಾದ ಎರಡು ಅಂಕಿಗಳನ್ನು ತಯಾರಕರೇ ಕೊಟ್ಟಿರುತ್ತಾರೆ. ಒಂದು ಇಂಪೀಡೆನ್ಸ್: ಕರೆಂಟು ಹರಿಯಲು ಸುರುಳಿ ಒಡ್ಡುವ ಅಡ್ಡಿ, ಓಮ್‌ಗಳಲ್ಲಿ. ಇನ್ನೊಂದು ಸೆನ್ಸಿಟಿವಿಟಿ: ಇಷ್ಟು ವಿದ್ಯುತ್ತು ಕೊಟ್ಟರೆ ಇಷ್ಟು ಡೆಸಿಬೆಲ್ ಸದ್ದು ಹೊರಡುತ್ತದೆ ಎಂಬ ಮಾತು. ಈ ಎರಡನೆಯದರಲ್ಲಿ ಒಂದು ತೊಡಕಿದೆ. ಕೆಲವರು ಅದನ್ನು 1 ಮಿಲಿವ್ಯಾಟಿಗೆ ಇಷ್ಟು ಎಂದು ಬರೆಯುತ್ತಾರೆ, ಕೆಲವರು 1 ವೋಲ್ಟಿಗೆ ಇಷ್ಟು ಎಂದು. ಬರೀ ಡೆಸಿಬೆಲ್ ಎಂದು ಬರೆದು ಬಿಟ್ಟವರೂ ಇದ್ದಾರೆ. ಎರಡನ್ನೂ ಒಂದೇ ಎಂದುಕೊಂಡು ಹೋಲಿಸಿದರೆ ಲೆಕ್ಕ ಪೂರಾ ತಪ್ಪುತ್ತದೆ. 32 ಓಮ್‌ನ ಹೆಡ್‌ಫೋನಿನಲ್ಲಿ ಈ ಎರಡು ಅಂಕಿಗಳ ನಡುವೆ 15 ಡೆಸಿಬೆಲ್ ಅಂತರವಿದೆ. 300 ಓಮ್‌ನದರಲ್ಲಿ ಅಂತರ 5 ಡೆಸಿಬೆಲ್‌ಗೆ ತುಸು ಹೆಚ್ಚು. ಸಾವಿರವನ್ನು ಓಮ್‌ಗಳಿಂದ ಭಾಗಿಸಿ, ಬಂದದ್ದರ ಲಾಗರಿದಮ್ಮನ್ನು ಹತ್ತರಿಂದ ಗುಣಿಸಿ, ಅದನ್ನು ಮಿಲಿವ್ಯಾಟಿನ ಅಂಕಿಗೆ ಕೂಡಿದರೆ ವೋಲ್ಟಿನ ಅಂಕಿ ಸಿಗುತ್ತದೆ.

ಮುಂದಿನ ಪ್ರಶ್ನೆ, ಎಷ್ಟು ಸದ್ದು ಬೇಕು ಎಂಬುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಹೊರತಂದ ಮಾನದಂಡದ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆ ಕಾಲ ಸರಾಸರಿ 80 ಡೆಸಿಬೆಲ್ ಕೇಳಬಹುದು. ಸದ್ದು 3 ಡೆಸಿಬೆಲ್ ಏರಿದಾಗಲೆಲ್ಲ ಆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು. ಆದರೆ ಸಂಗೀತ ಸರಾಸರಿಯಲ್ಲಿ ನಿಲ್ಲುವಂಥದ್ದಲ್ಲ. ತಂಬೂರಿಯ ಶ್ರುತಿಗೆ ಅಂಟಿಕೊಂಡ ಮಂದ್ರದ ಆಲಾಪನೆಗೂ ತನಿ ಆವರ್ತನದ ಮೃದಂಗದ ಪೆಟ್ಟಿಗೂ ನಡುವಿನ ಅಂತರ ದೊಡ್ಡದು. ಪಾಶ್ಚಾತ್ಯ ಆರ್ಕೆಸ್ಟ್ರಾ ಧ್ವನಿಮುದ್ರಣಗಳಲ್ಲಿ ಕ್ಷಣಿಕ ಶಿಖರಗಳು ಸರಾಸರಿಗಿಂತ 20 ಡೆಸಿಬೆಲ್ ಮೇಲಕ್ಕೂ ಜಿಗಿಯುತ್ತವೆ. ಸರಾಸರಿ 80 ಇದ್ದರೆ ಶಿಖರ 100 ದಾಟುತ್ತದೆ. ಮೆಲ್ಲಗೆ ಮುದ್ರಿಸಿದ ಹಳೆಯ ಕಛೇರಿಗಳಿಗೆಂದು ಇನ್ನೊಂದಿಷ್ಟು ಸೇರಿಸಿದರೂ 110 ಡೆಸಿಬೆಲ್ ಶಿಖರ ಮುಟ್ಟಬಲ್ಲ ಆಂಪ್ ಧಾರಾಳವಾಯಿತು. ಇದು ಕ್ಷಣಮಾತ್ರದ ಶಿಖರಕ್ಕೆ ಇಟ್ಟುಕೊಂಡ ಮಿತಿ. ಆ ಮಟ್ಟದಲ್ಲಿ ಸತತವಾಗಿ ಕೇಳಿದರೆ ಕಿವಿಗೆ ಶಾಶ್ವತ ಹಾನಿ.

ಸೆನ್‌ಹೈಸರ್ ಕಂಪನಿಯ ಎಚ್‌ಡಿ 650 ಎಂಬ ಹೆಡ್‌ಫೋನು 2003ರಿಂದ ಮಾರುಕಟ್ಟೆಯಲ್ಲಿದೆ. ಇಂಪೀಡೆನ್ಸ್ 300 ಓಮ್, ಸೆನ್ಸಿಟಿವಿಟಿ 1 ವೋಲ್ಟಿಗೆ 103 ಡೆಸಿಬೆಲ್. 110 ಡೆಸಿಬೆಲ್ ಬೇಕೆಂದರೆ ಇನ್ನೂ 7 ಡೆಸಿಬೆಲ್ ಏರಬೇಕು, ಅಂದರೆ 2.2 ವೋಲ್ಟ್. ಅದನ್ನು 300 ಓಮ್‌ನಿಂದ ಭಾಗಿಸಿದರೆ ಕರೆಂಟು 7.5 ಮಿಲಿಆಂಪಿಯರ್. ಎರಡನ್ನೂ ಗುಣಿಸಿದರೆ ಶಕ್ತಿ 17 ಮಿಲಿವ್ಯಾಟ್. 'ಓಡಿಸಲು ಕಷ್ಟದ ಹೆಡ್‌ಫೋನು' ಎಂದು ಹೆಸರಾದ ಇದಕ್ಕೆ ಬೇಕಾದದ್ದು ಇಷ್ಟೇ. ಆ ಹೆಸರು ಬರಲು ಕಾರಣ ಶಕ್ತಿಯಲ್ಲ, ವೋಲ್ಟೇಜು: ಹಳೆಯ ಫೋನುಗಳೂ ಲ್ಯಾಪ್‌ಟಾಪುಗಳೂ ಅರ್ಧ ವೋಲ್ಟು, ಒಂದು ವೋಲ್ಟಿಗೆ ಸುಸ್ತಾಗುತ್ತಿದ್ದವು. ಆಪಲ್ ಕಂಪನಿ ಅಮೆರಿಕದಲ್ಲಿ 9 ಡಾಲರಿಗೆ ಮಾರುವ ಯುಎಸ್‌ಬಿ-ಸಿ ಡಾಂಗಲ್ ಸುಮಾರು 1 ವೋಲ್ಟ್ ಕೊಡುತ್ತದೆ. ಅದರಲ್ಲಿ ಎಚ್‌ಡಿ 650 ಮುಟ್ಟುವ ಎತ್ತರ 103 ಡೆಸಿಬೆಲ್. ಸಿನಿಮಾ ಹಾಡಿಗೆ ಬೇಕಾದಷ್ಟಾಯಿತು, ಮೆಲುದನಿಯ ಶಾಸ್ತ್ರೀಯ ಧ್ವನಿಮುದ್ರಣಕ್ಕೆ ತುಸು ಕಡಿಮೆ. ಯುರೋಪಿನಲ್ಲಿ ಮಾರುವ ಅದೇ ಡಾಂಗಲ್ ಅಲ್ಲಿನ ಸದ್ದಿನ ಮಿತಿಯ ನಿಯಮದಿಂದಾಗಿ ಅರ್ಧ ವೋಲ್ಟಿಗೆ ನಿಲ್ಲುತ್ತದೆ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಅಮೆರಿಕದ ಡಾಂಗಲ್ ಕೂಡ ಪೂರ್ತಿ ವಾಲ್ಯೂಮಿಗೆ ಏರುವುದಿಲ್ಲ. ಇವನ್ನೆಲ್ಲ ತಿಳಿಯದವರು ಸಣ್ಣ ಸದ್ದನ್ನು ಕೆಟ್ಟ ಗುಣವೆಂದು ಭಾವಿಸುವುದುಂಟು.

ಇನ್ನೊಂದು ತುದಿಯಲ್ಲಿ ಹೈಫೈಮ್ಯಾನ್ ಕಂಪನಿಯ ಎಚ್‌ಇ-6 ನಿಂತಿದೆ. ಇದು ಪ್ಲೇನಾರ್ ಬಗೆಯದು: ಸುರುಳಿಯ ಬದಲು ತೆಳ್ಳನೆಯ ಹಾಳೆಯ ಮೇಲೆ ಲೋಹದ ಪಟ್ಟಿಗಳನ್ನು ಹಾಸಿ, ಹಾಳೆಯನ್ನು ಆಯಸ್ಕಾಂತಗಳ ಸಾಲಿನ ಎದುರು ಬಿಗಿದಿರುತ್ತಾರೆ. ಇಂಪೀಡೆನ್ಸ್ 50 ಓಮ್ ಮಾತ್ರ, ಆದರೆ ಸೆನ್ಸಿಟಿವಿಟಿ 1 ಮಿಲಿವ್ಯಾಟಿಗೆ 83.5 ಡೆಸಿಬೆಲ್. ಅದೇ 110 ಡೆಸಿಬೆಲ್‌ಗೆ ಇದು ಕೇಳುವುದು 4.7 ವೋಲ್ಟ್, 95 ಮಿಲಿಆಂಪಿಯರ್, ಸುಮಾರು 450 ಮಿಲಿವ್ಯಾಟ್. ಎಚ್‌ಡಿ 650ಗೆ ಹೋಲಿಸಿದರೆ ವೋಲ್ಟೇಜು ಎರಡು ಪಟ್ಟಿಗೆ ತುಸು ಹೆಚ್ಚು, ಶಕ್ತಿ ಮಾತ್ರ ಇಪ್ಪತ್ತಾರು ಪಟ್ಟು. ಓಮ್ ಕಡಿಮೆಯಿದ್ದರೆ ಓಡಿಸುವುದು ಸುಲಭ ಎಂಬ ಜನಜನಿತ ಸೂತ್ರ ಇಲ್ಲಿ ಮುರಿದು ಬೀಳುತ್ತದೆ. ಡಾಂಗಲ್‌ಗಳಿಗೆ ನಿಲುಕದ ಕೆಲಸ ಇದು. ಹಾಗೆಂದು ಲಕ್ಷ ರೂಪಾಯಿಯ ಆಂಪ್ ಕೂಡ ಬೇಕಿಲ್ಲ. 32 ಓಮ್‌ಗೆ 1 ವ್ಯಾಟಿಗೂ ಹೆಚ್ಚು ಶಕ್ತಿ ಕೊಡುವ ಮೇಜಿನ ಆಂಪ್‌ಗಳು ಸುಮಾರು 100 ಡಾಲರಿನ ಬೆಲೆಯಲ್ಲಿ ಸಿಗುತ್ತಿವೆ.

ಕಿವಿಯೊಳಗೆ ತೂರಿಸುವ ಇಯರ್‌ಫೋನುಗಳಲ್ಲಿ ಸಮಸ್ಯೆ ತಿರುಗುಮುರುಗು. 16 ಓಮ್, 1 ಮಿಲಿವ್ಯಾಟಿಗೆ 110 ಡೆಸಿಬೆಲ್ ಎಂಬ ಇಯರ್‌ಫೋನು 0.13 ವೋಲ್ಟಿಗೇ ಆ ಶಿಖರ ಮುಟ್ಟುತ್ತದೆ. ಇಲ್ಲಿ ಶಕ್ತಿಯ ಕೊರತೆ ಎಂದೂ ಬಾರದು; ಕಾಡುವುದು ಆಂಪ್‌ನ ಸ್ವಂತ ಗದ್ದಲ, ಹಾಡು ನಿಂತಾಗಲೂ ಕೇಳುವ 'ಸ್ಸ್' ಎಂಬ ಸದ್ದು. ಆಂಪ್‌ನ ಹೊರಹರಿವಿನಲ್ಲಿ 10 ಮೈಕ್ರೋವೋಲ್ಟ್ ಗದ್ದಲವಿದೆ ಎಂದುಕೊಳ್ಳೋಣ. ಎಚ್‌ಡಿ 650ರಲ್ಲಿ ಅದು 3 ಡೆಸಿಬೆಲ್ ಸದ್ದಾಗುತ್ತದೆ, ಯಾರಿಗೂ ಕೇಳಿಸದು. ಅದೇ ಗದ್ದಲ ಈ ಇಯರ್‌ಫೋನಿನಲ್ಲಿ 28 ಡೆಸಿಬೆಲ್. ನಡುರಾತ್ರಿಯ ನಿಶ್ಶಬ್ದ ಕೋಣೆಯಲ್ಲಿ ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ. ಗದ್ದಲ 2 ಮೈಕ್ರೋವೋಲ್ಟಿಗೆ ಇಳಿದರೆ ಸದ್ದು 14 ಡೆಸಿಬೆಲ್‌ಗೆ ಇಳಿದು ಮರೆಯಾಗುತ್ತದೆ. ದೊಡ್ಡ ಹೆಡ್‌ಫೋನಿಗೂ ಸಣ್ಣ ಇಯರ್‌ಫೋನಿಗೂ ಒಂದೇ ಆಂಪ್ ಸಾಕೆನ್ನುವವರು ವ್ಯಾಟುಗಳಿಗಿಂತ ಮೊದಲು ಈ ಮೈಕ್ರೋವೋಲ್ಟುಗಳನ್ನು ನೋಡಬೇಕು. ಹಿಗ್ಗಿಸುವ ಪ್ರಮಾಣವನ್ನು ತಗ್ಗಿಸುವ ಗೇನ್ ಸ್ವಿಚ್ಚು ಇದೆಯೇ ಎಂಬುದೂ ಮುಖ್ಯ. ಆ ಸ್ವಿಚ್ಚಿಲ್ಲದ ಆಂಪ್‌ನಲ್ಲಿ ಇಯರ್‌ಫೋನು ಕೇಳುವಾಗ ವಾಲ್ಯೂಮ್ ತಿರುಪು ಆರಂಭದ ಅಂಚಿನಲ್ಲೇ ಉಳಿಯುತ್ತದೆ. ಅಗ್ಗದ ತಿರುಪುಗಳಲ್ಲಿ ಎಡ-ಬಲಗಳ ಸಮತೋಲ ತಪ್ಪುವುದು ಸರಿಯಾಗಿ ಆ ಅಂಚಿನಲ್ಲೇ.

ಆಂಪ್‌ನ ಜಾಹೀರಾತಿನಲ್ಲಿ ಹೆಚ್ಚಾಗಿ ಕಾಣದ, ಆದರೆ ನಾದವನ್ನು ನಿಜವಾಗಿ ಬದಲಿಸಬಲ್ಲ ಅಂಕಿ ಅದರ ಔಟ್‌ಪುಟ್ ಇಂಪೀಡೆನ್ಸ್. ಮೇಲಿನ ಟ್ಯಾಂಕಿನಿಂದ ಸಣ್ಣ ಪೈಪಿನಲ್ಲಿ ನೀರು ಇಳಿಯುವ ಮನೆಯಲ್ಲಿ ಅಡುಗೆಮನೆಯ ನಲ್ಲಿ ತಿರುಗಿಸಿದೊಡನೆ ಬಚ್ಚಲಿನ ನಲ್ಲಿಯ ಧಾರೆ ಸೊರಗುವಂತೆ, ಒಳ ಅಡ್ಡಿ ಹೆಚ್ಚಿರುವ ಆಂಪ್‌ನ ವೋಲ್ಟೇಜು ಹೆಡ್‌ಫೋನು ಕರೆಂಟು ಎಳೆದ ಕಡೆಯೆಲ್ಲ ಕುಸಿಯುತ್ತದೆ. ಹೆಡ್‌ಫೋನು ಎಲ್ಲ ಕಂಪನಾಂಕಗಳಲ್ಲೂ ಒಂದೇ ಪ್ರಮಾಣದಲ್ಲಿ ಎಳೆದಿದ್ದರೆ ಚಿಂತೆಯಿರಲಿಲ್ಲ, ವಾಲ್ಯೂಮ್ ಏರಿಸಿದರೆ ಸರಿಹೋಗುತ್ತಿತ್ತು. ಸುರುಳಿಯ ಹೆಡ್‌ಫೋನುಗಳು ಹಾಗಲ್ಲ. 300 ಓಮ್ ಎಂದು ಬರೆದಿರುವ ಎಚ್‌ಡಿ 650, ಪೊರೆ ಸಹಜವಾಗಿ ತೂಗುವ ಕೆಳಸ್ವರಗಳಲ್ಲಿ, 100 ಹರ್ಟ್ಸಿನ ಆಸುಪಾಸಿನಲ್ಲಿ, ಸುಮಾರು 500 ಓಮ್‌ಗೆ ಏರುತ್ತದೆ. ಆಂಪ್‌ನ ಒಳ ಅಡ್ಡಿ 100 ಓಮ್ ಇದ್ದರೆ ಆ ಭಾಗ ಉಳಿದದ್ದಕ್ಕಿಂತ 0.9 ಡೆಸಿಬೆಲ್ ಉಬ್ಬುತ್ತದೆ. 1 ಓಮ್ ಇದ್ದರೆ ಉಬ್ಬು 0.01 ಡೆಸಿಬೆಲ್. ಸದ್ದು ಹುಟ್ಟಿಸುವ ಹಲವು ಡ್ರೈವರುಗಳನ್ನು ಒಂದೇ ಗೂಡಿನಲ್ಲಿ ಜೋಡಿಸಿದ ಇಯರ್‌ಫೋನುಗಳಲ್ಲಿ ಈ ಏರಿಳಿತ ವಿಪರೀತಕ್ಕೆ ಹೋಗುತ್ತದೆ. ಇಂಪೀಡೆನ್ಸ್ ಒಂದು ಕಡೆ 8, ಇನ್ನೊಂದು ಕಡೆ 50 ಓಮ್ ಇರುವ ಇಯರ್‌ಫೋನನ್ನು 10 ಓಮ್‌ನ ಔಟ್‌ಪುಟ್ಟಿಗೆ ಸಿಕ್ಕಿಸಿದರೆ ಸ್ವರಗಳ ಸಮತೋಲ 5.5 ಡೆಸಿಬೆಲ್‌ನಷ್ಟು ವಾಲುತ್ತದೆ. ಅದು ಬೇರೆಯೇ ಇಯರ್‌ಫೋನು ಆಗಿಬಿಟ್ಟಂತೆ. ಅರ್ಧ ಓಮ್‌ನ ಔಟ್‌ಪುಟ್ಟಿನಲ್ಲಿ ವಾಲುವುದು 0.4 ಡೆಸಿಬೆಲ್ ಮಾತ್ರ. ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನದರ ಎಂಟನೆಯ ಒಂದು ಭಾಗ ಮೀರಬಾರದು ಎಂಬ ರೂಢಿಯ ನಿಯಮ ಹುಟ್ಟಿದ್ದು ಇಂಥ ಲೆಕ್ಕಗಳಿಂದ. 1 ಓಮ್‌ಗಿಂತ ಕಡಿಮೆಯದನ್ನೇ ಕೊಂಡರೆ ನಿಯಮವನ್ನು ನೆನಪಿಡುವ ಕೆಲಸವೂ ಇರುವುದಿಲ್ಲ. ಪ್ಲೇನಾರ್ ಹೆಡ್‌ಫೋನುಗಳ ಇಂಪೀಡೆನ್ಸ್ ಹೆಚ್ಚುಕಮ್ಮಿ ಚಪ್ಪಟೆಯಾಗಿರುವುದರಿಂದ ಅವಕ್ಕೆ ಈ ತೊಂದರೆ ತಟ್ಟದು.

ನಿರ್ವಾತ ಕವಾಟದ, ಅಂದರೆ ವಾಲ್ವ್ ಆಂಪ್‌ಗಳ ಮೋಹದ ಒಂದು ಪಾಲು ಇಲ್ಲಿಯೇ ಅಡಗಿದೆ. ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರ ಹೆಡ್‌ಫೋನಿಗೆ ಜೋಡಿಸುವ ವಾಲ್ವ್ ಆಂಪ್‌ಗಳ ಒಳ ಅಡ್ಡಿ ಹಲವೊಮ್ಮೆ 100 ಓಮ್ ಮೀರುತ್ತದೆ. 300 ಓಮ್‌ನ ಹೆಡ್‌ಫೋನಿನಲ್ಲಿ ಕೆಳಸ್ವರ ಒಂದು ಡೆಸಿಬೆಲ್‌ನಷ್ಟು ತುಂಬಿಕೊಳ್ಳುತ್ತದೆ, ಕೇಳುಗರು ಅದನ್ನು 'ಬಿಸುಪು' ಎನ್ನುತ್ತಾರೆ. ಅದು ಹಿತವೆನಿಸಿದರೆ ತಪ್ಪೇನಿಲ್ಲ. ಆದರೆ ಅದೇ ಒಂದು ಡೆಸಿಬೆಲ್ಲನ್ನು ಕಂಪ್ಯೂಟರಿನ ಈಕ್ವಲೈಸರ್ ಬಿಡಿಗಾಸಿಲ್ಲದೆ ಕೊಡುತ್ತದೆ, ಬೇಡವೆನಿಸಿದಾಗ ತೆಗೆಯಲೂ ಬರುತ್ತದೆ.

ಇಷ್ಟು ಶುದ್ಧವಾದ ಆಂಪ್ ಅಗ್ಗಕ್ಕೆ ಸಿಗುವುದಾದರೂ ಹೇಗೆ? ಇದರ ಬೇರು ದೂರವಾಣಿಯಲ್ಲಿದೆ. 1920ರ ದಶಕದಲ್ಲಿ ಅಮೆರಿಕದ ದೂರದ ಊರುಗಳ ನಡುವಿನ ಫೋನು ತಂತಿಗಳಲ್ಲಿ ದನಿ ಸೋರಿಹೋಗದಂತೆ ದಾರಿಯುದ್ದಕ್ಕೂ ಆಂಪ್ಲಿಫೈಯರುಗಳನ್ನು ಇಡುತ್ತಿದ್ದರು. ಪ್ರತಿಯೊಂದೂ ತನ್ನದೊಂದಿಷ್ಟು ವಿಕೃತಿಯನ್ನು ಸೇರಿಸುತ್ತಿತ್ತು. ಹತ್ತಾರು ಘಟ್ಟ ದಾಟುವಷ್ಟರಲ್ಲಿ ಮಾತು ಕಲಸಿಹೋಗುತ್ತಿತ್ತು. ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ 1927ರ ಆಗಸ್ಟ್ 2ರಂದು ಕೆಲಸಕ್ಕೆ ಹೋಗಲು ಹಡ್ಸನ್ ನದಿ ದಾಟುವ ದೋಣಿಯಲ್ಲಿದ್ದಾಗ ಇದಕ್ಕೆ ಪರಿಹಾರ ಹೊಳೆಯಿತು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಾಳೆಯ ಮೇಲೆಯೇ ಅವರು ಅದನ್ನು ಗೀಚಿಕೊಂಡರು. ಹೊರಬರುವ ಸಂಕೇತದ ಒಂದು ಭಾಗವನ್ನು ಹಿಂದಕ್ಕೆ ತಂದು, ಒಳಹೋದ ಸಂಕೇತದೊಡನೆ ಹೋಲಿಸಿ, ಇರುವ ವ್ಯತ್ಯಾಸವನ್ನು ಆಂಪ್ ತಾನೇ ತಿದ್ದಿಕೊಳ್ಳುವಂತೆ ಮಾಡುವುದು ಆ ಉಪಾಯ. ನೆಗೆಟಿವ್ ಫೀಡ್‌ಬ್ಯಾಕ್ ಎಂಬ ಹೆಸರಿನ ಈ ಉಪಾಯಕ್ಕೆ ತೆರಬೇಕಾದ ಬೆಲೆಯೆಂದರೆ ಹಿಗ್ಗಿಸುವ ಸಾಮರ್ಥ್ಯದ ದೊಡ್ಡ ಪಾಲನ್ನು ಬಿಟ್ಟುಕೊಡುವುದು. ಬ್ಲ್ಯಾಕ್ ಅವರ ಕಾಲದಲ್ಲಿ ಅದು ಹುಚ್ಚು ದುಂದೆನಿಸಿ, ಪೇಟೆಂಟ್ ಕೈಸೇರಲು 1937ರ ತನಕ ಕಾಯಬೇಕಾಯಿತು. ಇಂದಿನ ಆಪ್-ಆಂಪ್ ಚಿಪ್‌ಗಳಲ್ಲಿ ಹಿಗ್ಗಿಸುವ ಸಾಮರ್ಥ್ಯ ಲಕ್ಷಗಟ್ಟಲೆ ಪಟ್ಟು ಇರುವುದರಿಂದ ಬಿಟ್ಟುಕೊಡಲು ಧಾರಾಳವಾಗಿದೆ. ಶೇಕಡಾ 1 ವಿಕೃತಿಯ ಆಂಪ್ ಮೇಲೆ 60 ಡೆಸಿಬೆಲ್ ಫೀಡ್‌ಬ್ಯಾಕ್ ಹೂಡಿದರೆ ವಿಕೃತಿ ಸಾವಿರದ ಒಂದು ಭಾಗಕ್ಕೆ, ಶೇಕಡಾ 0.001ಕ್ಕೆ ಇಳಿಯುತ್ತದೆ. ಔಟ್‌ಪುಟ್ ಇಂಪೀಡೆನ್ಸ್ ಕೂಡ ಅದೇ ಏಟಿಗೆ ಕುಗ್ಗುತ್ತದೆ. ಒಳ್ಳೆಯ ಹೆಡ್‌ಫೋನುಗಳೇ ಕೆಳಸ್ವರಗಳಲ್ಲಿ ಶೇಕಡಾ 0.1ರ ಆಸುಪಾಸು ವಿಕೃತಿ ಹುಟ್ಟಿಸುವಾಗ ಆಂಪ್‌ನ ಪಾಲು ಲೆಕ್ಕಕ್ಕೇ ಬರುವುದಿಲ್ಲ.

ಈ ಮಾತನ್ನು ಸರ್ಕ್ಯೂಟಿನ ರೂಪದಲ್ಲಿ ಮಾಡಿ ತೋರಿಸಿದ್ದು ಎನ್‌ಡಬ್ಲ್ಯೂ‌ಎವಿಗೈ ಎಂಬ ಗುಪ್ತನಾಮದ ಎಂಜಿನಿಯರ್. ಅವರು 2011ರಲ್ಲಿ ಓ2 ಎಂಬ ಹೆಡ್‌ಫೋನ್ ಆಂಪ್‌ನ ಪೂರ್ತಿ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟರು. ಎರಡು 9 ವೋಲ್ಟ್ ಬ್ಯಾಟರಿಗಳಿಂದಲೂ ನಡೆಯುವ, ಮಾಮೂಲು ಬಿಡಿಭಾಗಗಳ ಸಣ್ಣ ಹಲಗೆ ಅದು. ಕರೆಂಟಿಗಾಗಿ ಎನ್‌ಜೆಎಂ4556ಎ ಎಂಬ ಅಗ್ಗದ ಚಿಪ್ಪನ್ನು ಆರಿಸಿ, ಒಂದೊಂದು ಚಾನೆಲಿಗೆ ಅದರ ಎರಡು ಭಾಗಗಳನ್ನು ಜೊತೆಯಾಗಿ ದುಡಿಯಲು ಹಚ್ಚಿದ್ದರು. ಔಟ್‌ಪುಟ್ ಇಂಪೀಡೆನ್ಸ್ ಸುಮಾರು ಅರ್ಧ ಓಮ್. ಅಳತೆಯ ಉಪಕರಣದಲ್ಲಿ ಅದು ಹಲವು ಪಟ್ಟು ಬೆಲೆಯ ಆಂಪ್‌ಗಳಿಗೆ ಸಮನಾಗಿ ನಿಂತಿತು. 2012ರಲ್ಲಿ ಅದಕ್ಕೆ ಜೋಡಿಯಾಗಿ ಓಡ್ಯಾಕ್ ಎಂಬ ಪರಿವರ್ತಕವೂ ಬಂತು. ಅದೇ ವರ್ಷ ಆ ಎಂಜಿನಿಯರ್ ಬರೆಯುವುದನ್ನು ಥಟ್ಟನೆ ನಿಲ್ಲಿಸಿದರು. ಆದರೆ ಅವರು ಮುಂದಿಟ್ಟ ಕ್ರಮ ಉಳಿಯಿತು: ಮೊದಲು ಅಳೆಯುವುದು, ಆಮೇಲೆ ಹೊಗಳುವುದು. ಅಮೆರಿಕದ ಶಿಟ್ ಆಡಿಯೋ 2012ರ ಕೊನೆಗೆ ಮ್ಯಾಗ್ನಿ ಎಂಬ ಆಂಪನ್ನು, ಜೆಡಿಎಸ್ ಲ್ಯಾಬ್ಸ್ 2018ರಲ್ಲಿ ಆಟಮ್ ಎಂಬುದನ್ನು, ಎರಡನ್ನೂ 99 ಡಾಲರಿಗೆ ಹೊರತಂದವು. ಚೀನಾದ ಟಾಪಿಂಗ್, ಎಸ್‌ಎಂಎಸ್‌ಎಲ್ ಮುಂತಾದ ಕಂಪನಿಗಳು ಆ ಬೆಲೆಯಲ್ಲಿ ಪೈಪೋಟಿಗೆ ಇಳಿದ ಮೇಲೆ ಅಗ್ಗದ ಆಂಪ್‌ನ ವಿಕೃತಿ ಮತ್ತು ಗದ್ದಲ ಕಿವಿಯ ಮಿತಿಗಿಂತ ಬಹಳ ಕೆಳಕ್ಕೆ ಹೋಗಿವೆ.

ಡ್ಯಾಕ್‌ನ ಚರಿತ್ರೆಯೂ ಹೀಗೆಯೇ ಕಷ್ಟದಿಂದ ಅಗ್ಗಕ್ಕೆ ಇಳಿದದ್ದು. 1982ರಲ್ಲಿ ಬಂದ ಸಿಡಿಯಲ್ಲಿ ಪ್ರತಿ ಚಾನೆಲಿಗೆ ಸೆಕೆಂಡಿಗೆ 44,100 ಅಂಕಿಗಳು, ಒಂದೊಂದೂ 16 ಬಿಟ್. ಅಂದರೆ 65,536 ಮೆಟ್ಟಿಲು. ರೆಸಿಸ್ಟರುಗಳ ಏಣಿಯಿಂದ ಈ ಮೆಟ್ಟಿಲುಗಳನ್ನು ಕಟ್ಟುವುದಾದರೆ ಅತಿ ದೊಡ್ಡ ಬಿಟ್ಟಿನ ರೆಸಿಸ್ಟರು ಶೇಕಡಾ 0.0015ರಷ್ಟು ಕರಾರುವಾಕ್ಕಾಗಿರಬೇಕು. ಕಾರ್ಖಾನೆಯಲ್ಲಿ ಅದು ಭಾರಿ ತ್ರಾಸದ ಕೆಲಸ. ಫಿಲಿಪ್ಸ್ ತನ್ನ ಮೊದಲ ಸಿಡಿ ಪ್ಲೇಯರಿನಲ್ಲಿ 14 ಬಿಟ್ಟಿನ ಚಿಪ್ಪನ್ನೇ ಬಳಸಿ, ಅದನ್ನು ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ, ಉಳಿದ ಗದ್ದಲವನ್ನು ಕೇಳಿಸದ ಕಂಪನಾಂಕಗಳತ್ತ ತಳ್ಳಿ 16 ಬಿಟ್ಟಿನ ಗುಣ ಪಡೆಯಿತು. ಇಂದಿನ ಡೆಲ್ಟಾ-ಸಿಗ್ಮಾ ಚಿಪ್‌ಗಳು ಅದೇ ಉಪಾಯವನ್ನು ಇನ್ನೂ ಮುಂದಕ್ಕೆ ಒಯ್ದಿವೆ: ಕೆಲವೇ ಮೆಟ್ಟಿಲು, ಆದರೆ ಸೆಕೆಂಡಿಗೆ ಲಕ್ಷಾಂತರ ಸಲ ಹತ್ತಿಳಿಯುವುದು. ನಿಖರ ರೆಸಿಸ್ಟರುಗಳ ಬದಲು ವೇಗದ ಗಣಿತ ಕೆಲಸ ಮಾಡುತ್ತದೆ, ಗಣಿತ ಸಿಲಿಕಾನಿನಲ್ಲಿ ಅಗ್ಗ.

16 ಬಿಟ್ಟಿನ ಸಿದ್ಧಾಂತದ ಮಿತಿ 98 ಡೆಸಿಬೆಲ್. 24 ಬಿಟ್ಟಿನದು 146. ಆದರೆ ಅಲ್ಲಿಗೆ ಯಾವ ಡ್ಯಾಕ್ ಕೂಡ ಮುಟ್ಟುವುದಿಲ್ಲ. ತಡೆಯುವುದು ಶಾಖ. ಯಾವುದೇ ವಾಹಕದಲ್ಲಿ ಎಲೆಕ್ಟ್ರಾನುಗಳು ಶಾಖದಿಂದ ಸದಾ ತಡಬಡಿಸುತ್ತಿರುತ್ತವೆ. ಜಾನ್ ಜಾನ್ಸನ್ ಇದನ್ನು ಅಳೆದು, ಹ್ಯಾರಿ ನೈಕ್ವಿಸ್ಟ್ ವಿವರಿಸಿ, ಇಬ್ಬರೂ 1928ರಲ್ಲಿ ಪ್ರಕಟಿಸಿದರು. ಸಾಮಾನ್ಯ ಕೋಣೆಯ ಬಿಸಿಯಲ್ಲಿ 1,000 ಓಮ್‌ನ ಒಂದು ರೆಸಿಸ್ಟರು ಕೇಳುವ ವ್ಯಾಪ್ತಿಯೊಳಗೆ ಹುಟ್ಟಿಸುವ ಗದ್ದಲ ಸುಮಾರು 0.57 ಮೈಕ್ರೋವೋಲ್ಟ್. 2 ವೋಲ್ಟಿನ ಡ್ಯಾಕ್‌ನಲ್ಲಿ 24 ಬಿಟ್ಟಿನ ಅತಿ ಸಣ್ಣ ಮೆಟ್ಟಿಲು 0.34 ಮೈಕ್ರೋವೋಲ್ಟ್. ಒಂದು ರೆಸಿಸ್ಟರಿನ ಗದ್ದಲದಲ್ಲೇ ಕೊನೆಯ ಮೆಟ್ಟಿಲು ಮುಳುಗಿಹೋಗುತ್ತದೆ. ಅತ್ಯುತ್ತಮ ಡ್ಯಾಕ್‌ಗಳು ಕೊಡುವುದು 20-21 ಬಿಟ್ಟಿನಷ್ಟು. ಗದ್ದಲ ಮತ್ತು ವಿಕೃತಿಗಳನ್ನು ಒಟ್ಟುಗೂಡಿಸಿ ಹೇಳುವ ಸಿನ್ಯಾಡ್ ಎಂಬ ಅಂಕಿ ಇಂದು ಅಗ್ಗದ ಮೇಜಿನ ಡ್ಯಾಕ್‌ಗಳಲ್ಲೂ 110 ಡೆಸಿಬೆಲ್ ದಾಟುವುದಿದೆ. 110ಕ್ಕೂ 120ಕ್ಕೂ ನಡುವಿನ ವ್ಯತ್ಯಾಸ ಯಂತ್ರಕ್ಕೆ ಕಾಣುತ್ತದೆ, ಕಿವಿಗೆ ಕೇಳುವುದಿಲ್ಲ. ಅದಕ್ಕಾಗಿ ದುಪ್ಪಟ್ಟು ಹಣ ತೆರುವುದರಲ್ಲಿ ಅರ್ಥವಿಲ್ಲ. ಹಳೆಯ ರೆಸಿಸ್ಟರ್ ಏಣಿಯ ಡ್ಯಾಕ್‌ಗಳನ್ನು ಇಂದೂ ಹೆಚ್ಚಿನ ಬೆಲೆಗೆ ಮಾರುತ್ತಾರೆ. ಅವುಗಳಲ್ಲಿ ಶೋಧಕವಿಲ್ಲದೆ ಸಿಡಿಯ ವೇಗದಲ್ಲೇ ಓಡುವಂಥವು 20,000 ಹರ್ಟ್ಸಿನ ಹೊತ್ತಿಗೆ 3 ಡೆಸಿಬೆಲ್ ಇಳಿದಿರುತ್ತವೆ. ನಾದ ಬೇರೆಯೆನಿಸಿದರೆ ಅದಕ್ಕೆ ಇಂಥ ಅಳೆಯಬಹುದಾದ ಕಾರಣಗಳಿರುತ್ತವೆ.

ಕಿವಿಯ ತೀರ್ಪನ್ನು ಪರೀಕ್ಷಿಸಲು ಒಪ್ಪಿತ ವಿಧಾನವಿದೆ. ಯಾವ ಉಪಕರಣ ನುಡಿಯುತ್ತಿದೆ ಎಂದು ಕೇಳುಗರಿಗೆ ಗೊತ್ತಿರಬಾರದು, ಎರಡರ ಸದ್ದೂ 0.1 ಡೆಸಿಬೆಲ್ ಒಳಗೆ ಸಮನಾಗಿರಬೇಕು. ಸಮಗೊಳಿಸುವುದು ಬಹಳ ಮುಖ್ಯ, ಏಕೆಂದರೆ ತುಸು ಜೋರಾಗಿರುವುದು ಕಿವಿಗೆ ಜೋರೆನಿಸುವುದಿಲ್ಲ, ಚೆಂದವೆನಿಸುತ್ತದೆ. ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಇಂಥ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಸಿಡಿಗಿಂತ ಹೆಚ್ಚು ಸೂಕ್ಷ್ಮವಾದ ಧ್ವನಿಮುದ್ರಣವನ್ನು ಒಮ್ಮೆ ನೇರವಾಗಿ, ಒಮ್ಮೆ 16 ಬಿಟ್, 44,100ರ ಪರಿವರ್ತನೆಯ ಮೂಲಕ ಹಾಯಿಸಿ ಕೇಳಿಸಲಾಯಿತು. 554 ಸಲದ ಕೇಳುವಿಕೆಯಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಪರಿವರ್ತನೆಯ ಇಡೀ ಸುತ್ತೊಂದು ನಡುವೆ ಇದ್ದದ್ದೇ ಗೊತ್ತಾಗದಿರುವಾಗ ಎರಡು ಒಳ್ಳೆಯ ಡ್ಯಾಕ್‌ಗಳ ನಡುವಿನ ಭೇದಕ್ಕಾಗಿ ಸಾಲ ಮಾಡಬೇಕಿಲ್ಲ.

ಚಿಪ್‌ನ ಹೆಸರು ನೋಡಿ ಡ್ಯಾಕ್ ಆರಿಸುವ ಅಭ್ಯಾಸಕ್ಕೂ ಇದೇ ಉತ್ತರ. ಜಪಾನಿನ ನೊಬೆಯೋಕಾದಲ್ಲಿದ್ದ ಅಸಾಹಿ ಕಾಸೆಯ್ ಚಿಪ್ ಕಾರ್ಖಾನೆ 2020ರ ಅಕ್ಟೋಬರಿನಲ್ಲಿ ಬೆಂಕಿಗೆ ಸುಟ್ಟಾಗ ಅಲ್ಲಿ ತಯಾರಾಗುತ್ತಿದ್ದ ಎಕೆಎಂ ಚಿಪ್‌ಗಳು ಮಾರುಕಟ್ಟೆಯಿಂದ ಮಾಯವಾದವು. ಹಲವು ತಯಾರಕರು ಇಎಸ್‌ಎಸ್ ಮುಂತಾದ ಬೇರೆ ಚಿಪ್‌ಗಳಿಗೆ ನಕ್ಷೆ ಬದಲಿಸಿಕೊಂಡರು. ಚಿಪ್ಪಿನ ಸುತ್ತಲಿನ ಸರ್ಕ್ಯೂಟನ್ನು ಚೆನ್ನಾಗಿ ಕಟ್ಟಿದವರ ಡ್ಯಾಕ್‌ಗಳು ಆಮೇಲೂ ಚೆನ್ನಾಗಿಯೇ ಉಳಿದವು.

ಕೊಳ್ಳುವಾಗಿನ ತೀರ್ಮಾನ ಈಗ ಸರಳ. ಲೆಕ್ಕದಲ್ಲಿ 2 ವೋಲ್ಟಿನೊಳಗೆ ಮುಗಿಯುವ ಹೆಡ್‌ಫೋನಿಗೆ 2 ವೋಲ್ಟ್ ಕೊಡುವ ಒಳ್ಳೆಯ ಡಾಂಗಲ್ಲೇ ಡ್ಯಾಕ್, ಅದೇ ಆಂಪ್. ಅದಕ್ಕಿಂತ ಹೆಚ್ಚು ಬೇಕಾದಾಗ ಮೇಜಿನ ಆಂಪ್. ಡ್ಯಾಕ್, ಆಂಪ್ ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಜಾಗವೂ ತಂತಿಯೂ ಉಳಿಯುತ್ತವೆ; ಬೇರೆ ಬೇರೆಯಿದ್ದರೆ ಒಂದು ಕೆಟ್ಟಾಗ ಇನ್ನೊಂದು ಉಳಿಯುತ್ತದೆ. ಬ್ಯಾಲೆನ್ಸ್ಡ್ ಎಂಬ ನಾಲ್ಕು ತಂತಿಯ ಔಟ್‌ಪುಟ್ ಒಂದೊಂದು ಕಿವಿಗೆ ಎರಡೆರಡು ಆಂಪ್‌ಗಳನ್ನು ಎದುರುಬದುರು ದುಡಿಸುತ್ತದೆ. ವೋಲ್ಟೇಜು ಇಮ್ಮಡಿಯಾಗುತ್ತದೆ, ಔಟ್‌ಪುಟ್ ಇಂಪೀಡೆನ್ಸೂ ಇಮ್ಮಡಿಯಾಗುತ್ತದೆ. ಎಚ್‌ಇ-6ರಂಥ ಹಸಿದ ಹೆಡ್‌ಫೋನಿಗೆ ಅದು ಉಪಯುಕ್ತ, ಉಳಿದವಕ್ಕೆ ಬೇಕಿಲ್ಲ. ಸ್ಟ್ಯಾಕ್ಸ್‌ನಂಥ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನುಗಳು ಈ ಲೆಕ್ಕದಿಂದಲೇ ಹೊರಗೆ: ಅವುಗಳ ಪೊರೆಗೆ ಸದಾ 580 ವೋಲ್ಟ್ ಹಾಯಿಸುವ ಪ್ರತ್ಯೇಕ ಆಂಪ್ ಬೇಕು, ಮಾಮೂಲು ಆಂಪ್‌ಗೆ ಸಿಕ್ಕಿಸಲು ಬರುವುದಿಲ್ಲ.

ವಿದೇಶದಿಂದ ತರಿಸುವವರು ಪವರ್ ಅಡಾಪ್ಟರನ್ನು ಮರೆಯಬಾರದು. ಅಮೆರಿಕದ ಹಲವು ಆಂಪ್‌ಗಳು ಟ್ರಾನ್ಸ್‌ಫಾರ್ಮರಿನ ಅಡಾಪ್ಟರಿನಿಂದ ನಡೆಯುತ್ತವೆ. ಅಲ್ಲಿನ 120 ವೋಲ್ಟಿಗೆಂದು ಮಾಡಿದ್ದನ್ನು ಭಾರತದ 230 ವೋಲ್ಟಿಗೆ ಸಿಕ್ಕಿಸಿದರೆ ಅಡಾಪ್ಟರು ಸುಡುತ್ತದೆ, ಆಂಪ್ ಕೂಡ ಹೋಗಬಹುದು. 230 ವೋಲ್ಟಿನದನ್ನೇ ಕೇಳಿ ತರಿಸಬೇಕು. ಆಮದು ಸುಂಕ ಮತ್ತು ಸಾಗಣೆ ಸೇರಿದ ಮೇಲೆ 99 ಡಾಲರಿನದು ಅಷ್ಟಕ್ಕೇ ನಿಲ್ಲುವುದಿಲ್ಲ. ಆದ್ದರಿಂದ ಇಲ್ಲಿಯೇ ವಾರಂಟಿಯೊಡನೆ ಸಿಗುವ, ಅಳತೆಯಲ್ಲಿ ತುಸು ಹಿಂದಿರುವ ಆಂಪ್ ಎಷ್ಟೋ ಸಲ ಜಾಣ ಆಯ್ಕೆ.

ಮನೆಗೆ ಬಂದ ಉಪಕರಣವನ್ನು ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಪರೀಕ್ಷಿಸಬೇಕು. ಹಾಡು ಹಾಕದೆ, ಕೇಳುವ ಮಟ್ಟಕ್ಕೆ ವಾಲ್ಯೂಮ್ ಏರಿಸಿ ನಿಶ್ಶಬ್ದ ಕೋಣೆಯಲ್ಲಿ ಆಲಿಸಬೇಕು. ಗುಂಯ್ ಎನ್ನುವ ಹಮ್ ಕೇಳಿಸಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೊಡನೆ ಅದು ನಿಂತರೆ, ತೊಂದರೆ ಆಂಪ್‌ನದಲ್ಲ, ನೆಲತಂತಿಯ ಸುತ್ತಿನದು; ಯುಎಸ್‌ಬಿ ಬದಲು ಆಪ್ಟಿಕಲ್ ತಂತಿ ಬಳಸಿದರೆ ಆ ಸುತ್ತು ಕಡಿಯುತ್ತದೆ. ವಾಲ್ಯೂಮನ್ನು ತೀರಾ ಕೆಳಗಿಳಿಸಿ ಗಾಯಕರ ದನಿ ನಡುವೆಯೇ ನಿಂತಿದೆಯೇ, ಒಂದು ಪಕ್ಕಕ್ಕೆ ಜಾರಿತೇ ಎಂದು ಗಮನಿಸಬೇಕು. ಕೊನೆಯದಾಗಿ, ಹೆಡ್‌ಫೋನನ್ನು ಕಿತ್ತು, ಹಾಡಿಲ್ಲದಿರುವಾಗ ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟಿಗೆ ಇಟ್ಟು ಔಟ್‌ಪುಟ್ಟಿನ ಎಡ, ಬಲ ಎರಡನ್ನೂ ಅಳೆಯಬೇಕು. ಕೆಲವೇ ಮಿಲಿವೋಲ್ಟ್ ತೋರಿದರೆ ಸರಿ. 50 ಮಿಲಿವೋಲ್ಟ್ ಮೀರಿದರೆ ಆ ಆಂಪ್‌ಗೆ ಬೆಲೆಬಾಳುವ ಹೆಡ್‌ಫೋನು ಸಿಕ್ಕಿಸದೆ ಹಿಂದಿರುಗಿಸಬೇಕು, ಏಕೆಂದರೆ ಆ ಸ್ಥಿರ ವೋಲ್ಟೇಜು ಪೊರೆಯನ್ನು ಸದಾ ಒಂದು ಬದಿಗೆ ಒತ್ತಿ ಹಿಡಿದಿರುತ್ತದೆ, ಇನ್ನೂ ಹೆಚ್ಚಾದರೆ ಸುರುಳಿಯನ್ನೇ ಸುಡುತ್ತದೆ.